ಕೋಡಿ ಬಿದ್ದ ದಿನ ನಾನು ಮನೆಯಲ್ಲೇ ಇದ್ದೆ

ಮಾರಿಕಣಿವೆ ತುಂಬಿ ಕೋಡಿ ಬಿದ್ದ ದಿನ ಹಿರಿಯೂರಿನ ಅರ್ಧ ಜನ ಅಣೆಕಟ್ಟಿನ ಹತ್ತಿರ ಇದ್ದರು. ಬೈಕು, ಟ್ರಾಕ್ಟರು, ಆಟೊ, ಸಿಕ್ಕಿದ್ದನ್ನು ಹತ್ತಿ ಹೋದರು. ಹೆಂಗಸರು ಬಾಗಿನ ಹಿಡಿದುಕೊಂಡು ಹೋದರು. ನನ್ನ ಅಂಗಡಿ ಇರುವ ಬೀದಿಯಲ್ಲಿ ಬಾಗಿಲು ತೆರೆದ ಅಂಗಡಿಯೇ ಇರಲಿಲ್ಲ. ನಾನು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಒಮ್ಮೆ ಹೀಗೆ ನೀರು ಹೊರಗೆ ಹರಿದಿತ್ತಂತೆ. ಮತ್ತೊಮ್ಮೆ ನೋಡುತ್ತೇವೆಂದು ಕಾಯುತ್ತಲೇ ಅಪ್ಪನ ತಲೆಮಾರು ಮುಗಿಯಿತು, ನನ್ನದೂ ಮುಗಿಯುತ್ತಾ ಬಂದಿತ್ತು. ಅಂಥ ದಿನ ನಾನು ಕದ ಮುಂದಕ್ಕೆ ಹಾಕಿಕೊಂಡು ಮನೆಯೊಳಗೆ ಕುಳಿತಿದ್ದೆ. ಕಾಲುನೋವು ಎಂದು ಹೆಂಡತಿಗೆ ಹೇಳಿದ್ದೆ. ಕಾಲು ಚೆನ್ನಾಗಿಯೇ ಇತ್ತು. ನೀರು ಬಂದದ್ದು ನನಗೆ ಸಂಕಟವಾಗಿತ್ತು.

ಇದು ಎಂಥ ಮಾತೆಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನೀರು ಬಂದರೆ ನಮ್ಮ ಕಡೆ ವೈರಿಯೂ ನಗುತ್ತಾನೆ. ನಾನೇಕೆ ನಗಲಿಲ್ಲ ಎಂಬುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನಾನು ಟೈಲರ್. ಓದಿದ್ದು ಎಸ್ಸೆಸ್ಸೆಲ್ಸಿ. ನಮ್ಮದು ತಾತನ ಕಾಲದಿಂದ ಕ್ರೈಸ್ತ ಮನೆ. ಊರಿನ ಅಂಚಿನಲ್ಲಿ ನಮ್ಮದೊಂದು ಸಣ್ಣ ಸಭೆ, ಶೀಟಿನ ಸೂರು, ಪ್ಲಾಸ್ಟಿಕ್ ಕುರ್ಚಿಗಳು. ಪಾಸ್ಟರ್ ಅಯ್ಯನವರು ಚಿತ್ರದುರ್ಗದಿಂದ ತಿಂಗಳ ಮೊದಲ ಭಾನುವಾರ ಮಾತ್ರ ಬರುತ್ತಾರೆ. ಉಳಿದ ಭಾನುವಾರ ಪ್ರಸಂಗ ಮಾಡುವ, ಅಂದರೆ ಬೈಬಲು ಓದಿ ಉಪದೇಶ ಹೇಳುವ ಹೊಣೆ ಸಭೆಯ ಹಿರಿಯನಾದ ನನ್ನದಾಗಿತ್ತು. ಹೊಲಿಗೆ ಯಂತ್ರದ ಮುಂದೆ ವಾರವೆಲ್ಲ ಬಾಯಿ ಮುಚ್ಚಿಕೊಂಡು ಬಗ್ಗಿ ಕೂರುವವನಿಗೆ ಭಾನುವಾರ ನಿಂತು ಮಾತಾಡುವುದೆಂದರೆ ಏನೆಂದು ಹೇಳಲಿ. ಜನ ತಲೆಯಾಡಿಸುತ್ತಿದ್ದರು. ನನಗೆ ಅದು ರುಚಿಸಿತು.

ಹೆಚ್ಚು ತಲೆಯಾಡಿಸುತ್ತಿದ್ದದ್ದು ಯಾವ ಮಾತಿಗೆ ಎಂಬುದೂ ಬೇಗ ತಿಳಿಯಿತು. ಬೈಬಲಿನ ಹಳೆಯ ಭಾಗದಲ್ಲಿ ಎಚ್ಚರಿಕೆಗಳಿವೆ: ಮಾತು ಮೀರಿದ ಜನಕ್ಕೆ ಮಳೆ ನಿಲ್ಲುತ್ತದೆ, ರೋಗ ಬರುತ್ತದೆ, ಪರರ ಸೈನ್ಯ ಬರುತ್ತದೆ. ಆ ಜನ ಅಂದಿನ ಇಸ್ರಾಯೇಲ್ಯರು. ನಾನು ಆ ಹೆಸರು ತೆಗೆದು ಅಲ್ಲಿ ನಮ್ಮ ದೇಶವನ್ನು ಕೂರಿಸುತ್ತಿದ್ದೆ. ಬೆಳಿಗ್ಗೆ ಅಂಗಡಿಗೆ ಪೇಪರು ಬರುತ್ತಿತ್ತು. ಎಲ್ಲೋ ಭೂಕಂಪವೆಂದರೆ ಅದಕ್ಕೊಂದು ವಚನ, ಎಲ್ಲೋ ಯುದ್ಧವೆಂದರೆ ಅದಕ್ಕೊಂದು ವಚನ. ಗಿರಾಕಿಯ ಅಳತೆಗೆ ಬಟ್ಟೆ ಕತ್ತರಿಸಿದಂತೆ ವಚನವನ್ನು ಸುದ್ದಿಯ ಅಳತೆಗೆ ಕತ್ತರಿಸುವುದು ನನಗೆ ಸಲೀಸಾಯಿತು. ಹೊಳಲ್ಕೆರೆಯ ಒಂದು ಕೂಟಕ್ಕೂ ಕರೆಸಿಕೊಂಡರು. ಅಲ್ಲಿ ಮೈಕು ಇತ್ತು. ಯಾವ ದೇಶಕ್ಕೆ ಯಾವ ಶಿಕ್ಷೆ ಬಾಕಿಯಿದೆ ಎಂದು ಒಂದೊಂದಾಗಿ ಹೇಳಿದೆ. ಬಸ್ಸಿನಲ್ಲಿ ವಾಪಸು ಬರುವಾಗ ಕಿಟಕಿಯ ಆಚೆ ಒಣಗಿದ ಹೊಲಗಳನ್ನು ನೋಡಿ ನನ್ನ ಮಾತಿಗೆ ಸಾಕ್ಷಿ ಸಿಕ್ಕಿತು ಅಂದುಕೊಂಡೆ. ಹೊಲ ಯಾರದು, ಅವರ ಮನೆಯಲ್ಲಿ ಅಂದು ಒಲೆ ಹಚ್ಚಿದ್ದಾರೋ ಇಲ್ಲವೋ ಎಂಬ ಯೋಚನೆ ಬರಲಿಲ್ಲ.

ಮಾರಿಕಣಿವೆ ನನ್ನ ಮೆಚ್ಚಿನ ಉದಾಹರಣೆಯಾಗಿತ್ತು. "ನೋಡಿ, ಆಕಾಶಕ್ಕೆ ಬೀಗ ಬಿದ್ದಿದೆ. ಈ ದೇಶ ತಿರುಗಿಕೊಳ್ಳುವ ತನಕ ಆ ಕೆರೆ ತುಂಬುವುದಿಲ್ಲ," ಎನ್ನುತ್ತಿದ್ದೆ. ಪ್ರತಿ ಬೇಸಿಗೆ ಕೆರೆಯ ತಳ ಕಾಣುವಾಗ ನನ್ನ ಮಾತು ಗಟ್ಟಿಯಾಗುತ್ತಾ ಹೋಯಿತು. ದೂರದ ದೇಶಗಳ ಬಗ್ಗೆ ಹೇಳಿದ್ದು ಆಗಿದೆಯೋ ಇಲ್ಲವೋ ಯಾರೂ ಹೋಗಿ ನೋಡುವಂತಿರಲಿಲ್ಲ. ಕೆರೆಯನ್ನು ಮಾತ್ರ ಎಲ್ಲರೂ ನೋಡಬಹುದಿತ್ತು. ಅದೇ ನನ್ನ ಹೆಮ್ಮೆ.

ನನ್ನ ಪಕ್ಕದ ಅಂಗಡಿಯವರು ಸ್ಟೌ, ಛತ್ರಿ ರಿಪೇರಿ ಮಾಡುವ ಮುಸಲ್ಮಾನರು. ನನಗಿಂತ ಎರಡು ವರ್ಷ ದೊಡ್ಡವರು. ನಾನು ಅವರನ್ನು ಭಾಯ್ ಎನ್ನುತ್ತೇನೆ. ಅವರು ನನ್ನ ಪ್ರಸಂಗವನ್ನೆಲ್ಲ ಪುಕ್ಕಟೆಯಾಗಿ ವಾರದ ದಿನವೇ ಕೇಳುತ್ತಿದ್ದರು.

"ಏನ್ ಟೈಲ್ರೆ, ಇವತ್ತು ಯಾವ ದೇಶ ಮುಳುಗಿಸಿದ್ರಿ?"

"ನಗ್ಬೇಡ್ರಿ ಭಾಯ್. ಬರ್ದಿರೋದು ಆಗ್ದೆ ಇರಲ್ಲ."

"ಆಗ್ಲಿ ಬಿಡ್ರಿ. ಮಳೆ ಬರಲ್ಲ ಅಂತ ಮಾತ್ರ ಹೇಳ್ಬೇಡ್ರಿ ಮಾರಾಯ್ರೆ, ನಂದು ಛತ್ರಿ ಅಂಗ್ಡಿ."

ನನಗೊಬ್ಬಳು ತಂಗಿ. ಹೊಸದುರ್ಗ ತಾಲ್ಲೂಕಿನಲ್ಲಿ, ಮಾರಿಕಣಿವೆಯ ಹಿನ್ನೀರಿನ ಅಂಚಿನ ಒಂದು ಹಳ್ಳಿಗೆ ಕೊಟ್ಟಿದ್ದೆವು. ಗಂಡ ಬೇಗ ತೀರಿಕೊಂಡ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾ ಮಗಳನ್ನು ಓದಿಸಿ ಮದುವೆ ಮಾಡಿದಳು. ಆಮೇಲೆ ತನಗೊಂದು ಸ್ವಂತ ಮನೆ ಬೇಕೆಂದು ಹೊರಟಳು. ಗಂಡನ ಪಾಲಿಗೆ ಬಂದ ಜಾಗ ಎರಡು ಕಡೆ ಇತ್ತು. ಒಂದು ದಿಬ್ಬದ ಮೇಲೆ, ಬರೀ ಕಲ್ಲು. ಇನ್ನೊಂದು ತಗ್ಗಿನಲ್ಲಿ, ಮೆತ್ತನೆಯ ಕಪ್ಪು ಮಣ್ಣು, ಪಕ್ಕದಲ್ಲೇ ಕೊಳವೆಬಾವಿ. ತಗ್ಗಿನ ಜಾಗ ಅವಳ ಮನಸ್ಸಿನಲ್ಲಿತ್ತು. ಆದರೆ ಹಳ್ಳಿಯ ಮುದುಕರು ಬೇಡ ಎಂದಿದ್ದರು. ಹಿಂದೆ ಕೆರೆ ತುಂಬಿದಾಗ ನೀರು ಅಲ್ಲಿಯವರೆಗೆ ಬಂದಿತ್ತು ಎಂದು ಅವರ ಅಪ್ಪಂದಿರು ಹೇಳುತ್ತಿದ್ದರಂತೆ.

ಅವಳು ಒಂದು ಭಾನುವಾರ ಆರಾಧನೆ ಮುಗಿಸಿ ನಮ್ಮ ಮನೆಗೆ ಊಟಕ್ಕೆ ಬಂದಾಗ ಕೇಳಿದಳು.

"ಅಣ್ಣ, ತಗ್ಗಿನಾಗೆ ಕಟ್ಲಾ, ದಿಬ್ಬದ ಮ್ಯಾಲೆ ಕಟ್ಲಾ? ನೀನು ಹೆಂಗೆ ಹೇಳ್ತಿಯೋ ಹಂಗೆ."

"ತಗ್ಗಿನಾಗೇ ಕಟ್ಟು."

"ನೀರು ಬತ್ತದೆ ಅಂತಾರಲ್ಲ ಮುದುಕ್ರು?"

"ನಾನು ವರ್ಷಗಟ್ಲೆ ಏನ್ ಹೇಳ್ತಾ ಇದೀನಿ? ಈ ದೇಶಕ್ಕೆ ಆ ನೀರು ಇಲ್ಲ. ದೇವ್ರ ವಾಕ್ಯದಾಗೈತೆ. ಮುದುಕ್ರು ಮಾತು ಕೇಳ್ತೀಯೋ ವಾಕ್ಯ ಕೇಳ್ತೀಯೋ?"

ನನ್ನ ಹೆಂಡತಿ ಸಾರು ಬಡಿಸುತ್ತಾ, "ವಾಕ್ಯದಾಗೆ ಹೊಸದುರ್ಗ ತಾಲ್ಲೂಕು ಅಂತ ಐತಾ?" ಎಂದಳು. ನಾನು ದುರುಗುಟ್ಟಿ ನೋಡಿದೆ. ತಂಗಿ ನಕ್ಕಳು. ಆದರೆ ಕಟ್ಟಿದ್ದು ತಗ್ಗಿನಲ್ಲೇ. ಎರಡು ಕೋಣೆ, ಒಂದು ಅಡುಗೆಮನೆ, ಮುಂದೆ ಸಣ್ಣ ಜಗಲಿ. ಹಿಂದೆ ತೆಂಗಿನ ಸಸಿ ನೆಟ್ಟಳು. ಗೃಹಪ್ರವೇಶದ ಪ್ರಾರ್ಥನೆಯನ್ನು ನಾನೇ ಮಾಡಿದೆ.

ಆಮೇಲೆ ಎರಡು ವರ್ಷ ಮಳೆ ಸುಮಾರಾಯಿತು, ಮೂರನೆಯ ವರ್ಷ ಜೋರಾಯಿತು. ಕೆರೆಯ ಮಟ್ಟ ಏರುತ್ತಿರುವ ಸುದ್ದಿ ದಿನವೂ ಪೇಪರಿನಲ್ಲಿ ಬರತೊಡಗಿತು. ಜನ ಹಬ್ಬ ಎಣಿಸುವಂತೆ ಅಡಿ ಎಣಿಸುತ್ತಿದ್ದರು. ನಾನು ಮೊದಮೊದಲು ನಕ್ಕೆ. ಮತ್ತೆ ಪೇಪರಿನ ಆ ಪುಟ ಓದುವುದನ್ನು ಬಿಟ್ಟೆ. ಕೊನೆಗೆ, ಬರೆಯಲು ಕೈ ಹಿಂದೇಟು ಹಾಕುತ್ತದೆ, ನಿಲ್ಲಲಿ ಎಂದು ಪ್ರಾರ್ಥಿಸಿದೆ. ತಂಗಿಯ ಮನೆಗಾಗಿ ಬೇಡಿಕೊಂಡೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನಾನು ಬೇಡಿಕೊಂಡದ್ದು ನನ್ನ ಮಾತಿಗಾಗಿ.

ಮನೆಗೆ ನೀರು ಬಂದದ್ದು ಕೋಡಿ ಬೀಳುವ ಮೊದಲೇ. ಹಿನ್ನೀರು ಸದ್ದಿಲ್ಲದೆ ಬರುತ್ತದೆ, ಹೊಳೆಯಂತೆ ನುಗ್ಗುವುದಿಲ್ಲ. ಮೊದಲು ತೆಂಗಿನ ಸಸಿಗಳ ಬುಡ ಒದ್ದೆಯಾಯಿತಂತೆ. ಬೆಳಿಗ್ಗೆ ನೋಡಿದರೆ ಜಗಲಿಯ ಮೆಟ್ಟಿಲಿಗೆ ಬಂದಿತ್ತಂತೆ. ಊರಿನವರು ಸೇರಿ ಪಾತ್ರೆ, ಮಂಚ, ಹೊಲಿದ ಕೌದಿಗಳನ್ನೆಲ್ಲ ಎತ್ತಿ ದಿಬ್ಬದ ಮೇಲಿನ ಒಂದು ಮನೆಗೆ ಸಾಗಿಸಿದರು. ಬೇಡ ಎಂದಿದ್ದ ಮುದುಕರ ಮಕ್ಕಳೇ ಮುಂದೆ ನಿಂತರು. ಯಾರಿಗೂ ಏನೂ ಆಗಲಿಲ್ಲ. ಮನೆ ಕಿಟಕಿಯ ಮಟ್ಟಕ್ಕೆ ನೀರಿನಲ್ಲಿ ನಿಂತಿತು. ತಂಗಿ ನನಗೆ ಫೋನು ಮಾಡಿ ಹೇಳಿದ್ದು ಇಷ್ಟೇ: "ಅಣ್ಣ, ನೀರು ಬಂತು." ಬೈಗುಳ ಬರುತ್ತದೆಂದು ನಾನು ಕಾದೆ. ಅವಳು ಫೋನು ಇಟ್ಟಳು.

ನಾನು ಹೋಗಲಿಲ್ಲ. ರಸ್ತೆ ಕೆಟ್ಟಿದೆ ಎಂದೆ, ಬಸ್ಸಿಲ್ಲ ಎಂದೆ. ಇನ್ನೊಬ್ಬರ ಕೈಯಲ್ಲಿ ಅಕ್ಕಿ, ಬೇಳೆ ಕಳಿಸಿದೆ. ಹೆಂಡತಿ ಒಬ್ಬಳೇ ಹೋಗಿ ಎರಡು ದಿನ ಇದ್ದು ಬಂದಳು. ಬಂದವಳು ಸೀದಾ ಅಡುಗೆಮನೆಗೆ ಹೋದಳು.

ನಮ್ಮ ಸಭೆಯಲ್ಲಿ ಒಂದು ರೂಢಿಯಿದೆ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ಕೊನೆಯ ಊಟದ ನೆನಪಿಗೆ. ತಟ್ಟೆಯಲ್ಲಿ ರೊಟ್ಟಿ ಇಟ್ಟು ಸಾಲಿನಿಂದ ಸಾಲಿಗೆ ದಾಟಿಸುತ್ತಾರೆ. ಯಾರ ಮನಸ್ಸಿನಲ್ಲಾದರೂ ಇನ್ನೊಬ್ಬರ ಮೇಲೆ ನೋವಿದ್ದರೆ ಅವರು ರೊಟ್ಟಿ ಮುರಿಯದೆ ತಟ್ಟೆಯನ್ನು ಪಕ್ಕದವರಿಗೆ ಕೊಟ್ಟುಬಿಡುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ, ಏಕೆಂದು ಕೇಳುವುದಿಲ್ಲ. ಆ ವಾರದೊಳಗೆ ಸಭೆಯ ಹಿರಿಯ ಅವರ ಮನೆಗೆ ಹೋಗಿ ಕುಳಿತು ವಿಚಾರಿಸಬೇಕು, ಇಬ್ಬರನ್ನೂ ಕೂಡಿಸಬೇಕು. ಅಜ್ಜಂದಿರು ಹಾಕಿದ ಕಟ್ಟು ಅದು.

ನೀರು ಬಂದ ಮುಂದಿನ ತಿಂಗಳು ತಂಗಿ ಬಸ್ಸಿನಲ್ಲಿ ಬಂದಳು. ಎಂದಿನಂತೆ ಎರಡನೆಯ ಸಾಲಿನಲ್ಲಿ ಕುಳಿತಳು. ತಟ್ಟೆ ಬಂತು. ಕೈಯಲ್ಲಿ ಹಿಡಿದುಕೊಂಡು ಒಂದು ಗಳಿಗೆ ನೋಡಿ, ಪಕ್ಕದವಳಿಗೆ ಕೊಟ್ಟಳು. ಮುಂದಿನ ತಿಂಗಳೂ ಹಾಗೆಯೇ. ಅದರ ಮುಂದಿನ ತಿಂಗಳೂ. ಸಭೆಯ ಹಿರಿಯ ನಾನು. ಹೋಗಿ ವಿಚಾರಿಸಬೇಕಾದವನು ನಾನು, ವಿಚಾರಣೆಗೆ ನಿಲ್ಲಬೇಕಾದವನೂ ನಾನೇ. ರೂಢಿ ಹಾಕಿದ ಅಜ್ಜಂದಿರು ಇಂಥದ್ದೊಂದು ಬರುತ್ತದೆಂದು ಯೋಚಿಸಿರಲಿಲ್ಲ. ನಾನು ಆ ಸಂದಿಯಲ್ಲಿ ಅಡಗಿ ಕುಳಿತೆ. ಗಂಡನಿಲ್ಲದವಳು, ಮನೆ ಹೋಗಿದೆ, ದೇವರ ಮೇಲೆ ಮುನಿಸಿಕೊಂಡಿದ್ದಾಳೆ, ಕಾಲ ಕೂಡಿ ಬರಲಿ ಎಂದು ಕೇಳಿದವರಿಗೆ ಹೇಳಿದೆ.

ಪ್ರಸಂಗವನ್ನೂ ನಿಲ್ಲಿಸಲಿಲ್ಲ. ಮಳೆ ಬಾರದಿದ್ದಾಗ ಅದು ಶಿಕ್ಷೆ ಎಂದಿದ್ದವನು, ಈಗ ಮಳೆ ಹೆಚ್ಚಾದದ್ದೂ ಶಿಕ್ಷೆ ಎಂದೆ. ಕೋಡಿ ಬಿದ್ದ ಮೇಲೆ ಹಿರಿಯೂರಿನ ತಗ್ಗು ಬೀದಿಗಳಿಗೆ ನೀರು ನುಗ್ಗಿತ್ತಲ್ಲ, ಅದನ್ನು ಹಿಡಿದುಕೊಂಡೆ. ಅವತ್ತು ಮುಂದಿನ ಸಾಲಿನಲ್ಲಿದ್ದ ಒಬ್ಬರು ತಲೆಯಾಡಿಸಲಿಲ್ಲ. ನನ್ನನ್ನೇ ನೋಡುತ್ತಿದ್ದರು.

ಸೋಮವಾರ ಭಾಯ್ ಚಹಾ ತರಿಸಿದರು.

"ಟೈಲ್ರೆ, ಒಂದು ಕೇಳ್ಲಾ? ಸಿಟ್ಟಾಗ್ಬೇಡ್ರಿ."

"ಕೇಳ್ರಿ."

"ಮೀನಿನ ಹೊಟ್ಟೆಯಾಗಿದ್ರಲ್ಲ ಪೈಗಂಬರ್ರು, ಅವ್ರು ನಿಮ್ಮ ಕಿತಾಬಿನಾಗೂ ಅವ್ರೆ ಅಲ್ವಾ?"

"ಅವ್ರೆ. ನಿನೆವೆ ಅಂತ ಪಟ್ಟಣಕ್ಕೆ ಹೋಗಿ, ನಾಶ ಆಗ್ತೀರಿ ಅಂತ ಸಾರಿದ್ರು."

"ಆಯ್ತಾ ನಾಶ?"

"ಇಲ್ಲ. ಜನ ತಪ್ಪು ಒಪ್ಕಂಡ್ರು. ದೇವ್ರು ಬಿಟ್ಟ."

"ನಮ್ಮಲ್ಲೂ ಹಂಗೇ ಐತೆ. ಆ ಊರು ಉಳೀತು. ಆಮೇಲೆ ನಿಮ್ಮ ಕಿತಾಬಿನಾಗೆ ಪೈಗಂಬರ್ರು ಏನ್ ಮಾಡಿದ್ರು?"

ನಾನು ಚಹಾದ ಲೋಟ ಕೆಳಗಿಟ್ಟೆ. ನಮ್ಮ ಪುಸ್ತಕದಲ್ಲಿ ಆ ಪ್ರವಾದಿ ಊರಾಚೆ ಹೋಗಿ, ನೆರಳು ಮಾಡಿಕೊಂಡು, ಊರು ಉಳಿಯಿತಲ್ಲ ಎಂದು ಮುಖ ಊದಿಸಿಕೊಂಡು ಕೂರುತ್ತಾನೆ. ಭಾನುವಾರದ ಮಕ್ಕಳ ಪಾಠದಲ್ಲಿ ಮೀನು ಪ್ರವಾದಿಯನ್ನು ನುಂಗಿ ಉಗುಳಿದ ಕಥೆಯವರೆಗೆ ಹೇಳಿ ಅಲ್ಲಿಗೇ ಬಿಡುವುದು ನಮ್ಮ ಅಭ್ಯಾಸ. ನಾನೂ ಎಷ್ಟೋ ಸಲ ಹಾಗೇ ಬಿಟ್ಟಿದ್ದೆ.

"ಯಾಕ್ರಿ ಟೈಲ್ರೆ, ಸಕ್ಕರೆ ಕಮ್ಮಿ ಆಯ್ತಾ?" ಎಂದು ಭಾಯ್ ಕೇಳಿದರು. ಅವರಿಗೆ ನನ್ನನ್ನು ಚುಚ್ಚುವ ಉದ್ದೇಶವಿತ್ತೋ ಇಲ್ಲವೋ ಇಂದಿಗೂ ತಿಳಿಯದು. ಅಂದು ಸಂಜೆ ನಾನು ಒಂದು ಪ್ಯಾಂಟಿನ ಕಾಲನ್ನು ಉಲ್ಟಾ ಹೊಲಿದೆ.

ಆ ತಿಂಗಳು ಪಾಸ್ಟರ್ ಅಯ್ಯನವರು ಬಂದಾಗ ಒಬ್ಬರೇ ಇರುವ ಹೊತ್ತು ನೋಡಿ ಕೇಳಿದೆ. ಹಳೆಯ ಎಚ್ಚರಿಕೆಗಳು ಇಂದಿನ ದೇಶಗಳಿಗೆ ಸಲ್ಲುತ್ತವೆಯೇ? ಅವರು ನನಗಿಂತ ಬಹಳ ಚಿಕ್ಕವರು, ಮಾತು ಕಡಿಮೆ. ಮಳೆ ಬೆಳೆಯ ಮಾತು ದೇವರ ಜತೆ ಒಡಂಬಡಿಕೆ ಮಾಡಿಕೊಂಡ ಒಂದು ಜನಾಂಗಕ್ಕೆ ಹೇಳಿದ್ದು, ಅದನ್ನು ಯಾವ ದೇಶಕ್ಕೆ ಬೇಕಾದರೂ ಅಂಟಿಸಲು ಬರುವುದಿಲ್ಲ ಎಂದರು. ಆದರೆ ಕಳ್ಳ ತಕ್ಕಡಿ, ಆಳಿಗೆ ಕೂಲಿ ಕೊಡದೆ ಹಿಡಿದಿಡುವುದು, ವಿಧವೆಯ ಜಾಗ ನುಂಗುವುದು, ಇದಕ್ಕೆ ಪ್ರವಾದಿಗಳು ಸುತ್ತಲಿನ ಪರರಾಜ್ಯಗಳನ್ನೂ ಬಿಡಲಿಲ್ಲ ಎಂದರು. "ಅದು ಎಲ್ಲರಿಗೂ ಸಲ್ಲುತ್ತದೆ, ಅಣ್ಣ. ನಮಗೂ." ವಿಧವೆ ಎಂಬ ಮಾತು ಬಂದಾಗ ಅವರು ಬೇಕೆಂದು ಹೇಳಿದರೋ ಎಂದು ಅವರ ಮುಖ ನೋಡಿದೆ. ಅವರು ಬಸ್ಸಿನ ಹೊತ್ತು ನೋಡುತ್ತಿದ್ದರು.

ಮರುದಿನ ಅಂಗಡಿ ಮುಚ್ಚಿ ಹೊಸದುರ್ಗದ ಬಸ್ಸು ಹತ್ತಿದೆ. ತಂಗಿ ದಿಬ್ಬದ ಮನೆಯ ಹಿಂದಿನ ಒಂದೇ ಕೋಣೆಯಲ್ಲಿದ್ದಳು. ಅಲ್ಲಿಂದ ಹಿನ್ನೀರು ಕಾಣುತ್ತಿತ್ತು. ನೀರು ಸ್ವಲ್ಪ ಇಳಿದಿತ್ತು. ಅವಳ ಮನೆಯ ಗೋಡೆಯ ಮೇಲೆ ಕಂದು ಬಣ್ಣದ ಗೆರೆ ಎಳೆದಂತೆ ಕೆಸರು ನಿಂತಿತ್ತು. ಅವಳು ಶಾಲೆಯಿಂದ ಆಗತಾನೆ ಬಂದಿದ್ದಳು.

"ಬಾ. ಕುಂತ್ಕ," ಎಂದಳು. "ಕಾಲ್ನೋವು ಹೋಯ್ತಾ?"

"ಕಾಲ್ನೋವು ಇರ್ಲಿಲ್ಲ."

"ಗೊತ್ತು. ಅತ್ತಿಗೆ ಹೇಳಿದ್ಳು."

ನಾನು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ತಪ್ಪಾಯಿತು ಎಂದೆ. ನೀರು ಬರುವುದಿಲ್ಲ ಎಂದು ನನಗೆ ದೇವರು ಹೇಳಿರಲಿಲ್ಲ, ನಾನೇ ಹೇಳಿಕೊಂಡೆ ಎಂದೆ. ಕೋಡಿ ಬಿದ್ದ ದಿನ ಮನೆಯಲ್ಲಿ ಕುಳಿತು ಸಂಕಟಪಟ್ಟದ್ದನ್ನೂ ಹೇಳಿದೆ. ಅವಳು ಅಕ್ಕಿ ಆರಿಸುತ್ತಾ ಕೇಳಿಸಿಕೊಂಡಳು. ಮೊರ ಪಕ್ಕಕ್ಕಿಟ್ಟು ಮಾತಾಡಿದಳು.

"ದೇಶ ಪಾಪ ಮಾಡ್ತು, ದೇಶ ಪಾಪ ಮಾಡ್ತು ಅಂತಿದ್ಯಲ್ಲ ಅಣ್ಣ. ದೇಶ ಅಂದ್ರೆ ಯಾರು? ಈ ಊರ್ನೋರೂ ದೇಶನೇ ಅಲ್ವಾ? ನನ್ ಮಂಚ ಹೊತ್ತೋರು ಯಾರು ಅಂತ ಮಾಡಿದೀಯ? ನೀನು ಶಿಕ್ಷೆ ಬರ್ಲಿ ಅಂದೋರೇ."

"ಬರ್ಲಿ ಅಂತ ಅನ್ಲಿಲ್ಲ, ಬತ್ತದೆ ಅಂದೆ."

"ಎರಡೂ ಒಂದೇ ಮುಖ ಇಟ್ಕಂಡು ಹೇಳ್ತಿದ್ದೆ."

ಪುಸ್ತಕದಲ್ಲಿ ಆ ಹಳೆಯ ಪ್ರವಾದಿಗಳಲ್ಲಿ ಕೆಲವರು ಅಳುತ್ತಾ ಹೇಳುತ್ತಾರೆ. ತಮ್ಮ ಜನವೆಂದು ಅಳುತ್ತಾರೆ. ತಾವು ಹೇಳಿದ್ದು ಸುಳ್ಳಾಗಲಿ ಎಂಬ ಆಸೆ ಅವರಿಗಿತ್ತೆಂದು ಈಗ ಓದುವಾಗ ಕಾಣುತ್ತದೆ. ನಾನು ಒಂದು ಸಲವೂ ಅತ್ತವನಲ್ಲ.

"ನೀರು ಬಂದಿದ್ದಕ್ಕೆ ನಂಗೆ ಬ್ಯಾಸರ ಇಲ್ಲ," ಎಂದಳು. "ಮನೆ ಹೋಯ್ತು, ಖರೆ. ಆದ್ರೆ ಆ ನೀರು ನೋಡಿ ನಾನೂ ಒಂದು ಗಳಿಗೆ ಕೈ ಮುಗ್ದೆ. ನಿನ್ ಮ್ಯಾಲೆ ಸಿಟ್ಟು ಯಾಕಂದ್ರೆ, ನೀನು ಬರ್ಲಿಲ್ಲ. ದೇವ್ರ ಮ್ಯಾಲೆ ಹಾಕಿ ಕುಂತ್ಕಂಡೆ."

"ಈಗ ಬಂದ್ನಲ್ಲ."

"ಇಲ್ಲಿಗೆ ಬಂದೆ. ನೀರು ಬರಲ್ಲ ಅಂತ ಹೇಳಿದ್ದು ಅಲ್ಲಿ, ಸಭೆಯಾಗೆ, ನಾಕು ಜನದಾಗೆ. ಅಲ್ಲೇ ಹೇಳು."

ಊಟ ಹಾಕಿದಳು. ಮುದ್ದೆ, ಹುರುಳಿ ಸಾರು. ಬಸ್ಸಿನ ತನಕ ಬಂದು ಬಿಟ್ಟುಹೋದಳು. ಕ್ಷಮಿಸಿದೆ ಎಂಬ ಮಾತು ಬರಲಿಲ್ಲ.

ಮುಂದಿನ ತಿಂಗಳ ಮೊದಲ ಭಾನುವಾರ ಪಾಸ್ಟರ್ ಅಯ್ಯನವರ ಅನುಮತಿ ಕೇಳಿ ಭೋಜನಕ್ಕೆ ಮೊದಲು ಎದ್ದು ನಿಂತೆ. ಇಷ್ಟು ವರ್ಷ ನಾನು ದೇವರ ಹೆಸರಿನಲ್ಲಿ ಹೇಳಿದ ಭವಿಷ್ಯವೆಲ್ಲ ನನ್ನದು, ದೇವರದಲ್ಲ ಎಂದೆ. ನನ್ನ ಮಾತು ನಂಬಿ ನನ್ನ ತಂಗಿ ತಗ್ಗಿನಲ್ಲಿ ಮನೆ ಕಟ್ಟಿದಳು ಎಂದೆ. ಊರಿಗೆ ನೀರು ಬಂದದ್ದಕ್ಕೆ ನನಗೆ ಸಂಕಟವಾಯಿತು ಎಂದೆ. ಇದನ್ನು ಹೇಳುವಾಗ ಕುರ್ಚಿಗಳು ಕಿರುಗುಟ್ಟಿದವು. ವಯಸ್ಸಾದವರೊಬ್ಬರು, "ಅದೆಲ್ಲ ಮನೆ ಮಾತು, ಇಲ್ಯಾಕೆ ತರ್ತೀರಿ, ಕುಂತ್ಕಳ್ರಿ," ಎಂದರು. ನಾನು ಮುಗಿಸಿಯೇ ಕುಳಿತೆ. ಇನ್ನು ಪ್ರಸಂಗ ಮಾಡುವುದಿಲ್ಲ, ಬೇಕಾದರೆ ಕುರ್ಚಿ ಜೋಡಿಸುತ್ತೇನೆ ಎಂದೂ ಹೇಳಿದೆ.

ತಟ್ಟೆ ಹೊರಟಿತು. ನಾನು ಎರಡನೆಯ ಸಾಲನ್ನು ನೋಡಬಾರದೆಂದುಕೊಂಡರೂ ನೋಡಿದೆ. ತಂಗಿ ತಟ್ಟೆ ಹಿಡಿದಳು, ಪಕ್ಕದವಳಿಗೆ ದಾಟಿಸಿದಳು.

ಅವತ್ತು ಸಂಜೆ ನನಗೆ ಬಂದ ಸಿಟ್ಟನ್ನು ಮುಚ್ಚಿಟ್ಟರೆ ಇಲ್ಲಿಯವರೆಗೆ ಬರೆದದ್ದು ವ್ಯರ್ಥ. ಇನ್ನೇನು ಬೇಕಂತೆ ಅವಳಿಗೆ, ಎಲ್ಲರ ಮುಂದೆ ಹೇಳಿದೆನಲ್ಲ ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು.

"ಕೆರೆ ತುಂಬೋ ದಿನಾನೂ ನೀನೇ ಹೇಳ್ತಿದ್ದೆ, ಈಗ ಅವ್ಳ ಮನ್ಸು ತುಂಬೋ ದಿನಾನೂ ನೀನೇ ಹೇಳ್ತೀಯ. ಬಿಡಪ್ಪ ಅವಳನ್ನ."

ದೇಶಗಳಿಗೆ ಗಡುವು ಹಾಕುವ ಚಟ ಬಿಟ್ಟೆ ಎಂದು ಸಭೆಯಲ್ಲಿ ಹೇಳಿ ಬಂದವನು, ಅದೇ ಸಂಜೆ ತಂಗಿಗೆ ಗಡುವು ಹಾಕಿ ಕುಳಿತಿದ್ದೆ. ಊರಾಚೆ ನೆರಳಿನಲ್ಲಿ ಕುಳಿತ ಆ ಪ್ರವಾದಿಗೆ ದೇವರು ಕೊನೆಯಲ್ಲಿ ಒಂದು ಪ್ರಶ್ನೆ ಕೇಳುತ್ತಾನೆ, ಆ ಊರಿನ ಅಷ್ಟು ಜನಕ್ಕಾಗಿ, ಅವರ ದನಕರುಗಳಿಗಾಗಿ ನಾನು ಮರುಗಬಾರದೇ ಎಂದು. ಪ್ರವಾದಿ ಏನೆಂದ ಎಂದು ಬರೆದಿಲ್ಲ. ಅಲ್ಲಿಗೇ ಮುಗಿಯುತ್ತದೆ. ಅವನಿಗೂ ಉತ್ತರಿಸಲು ಸಮಯ ಬೇಕಾಗಿತ್ತೋ ಏನೋ.

ಈಗಲೂ ಅಂಗಡಿಗೆ ಬಂದವರು ಕೇಳುತ್ತಾರೆ. ಅಲ್ಲಿ ಯುದ್ಧ ನಡೀತಿದೆಯಲ್ಲ, ಇಲ್ಲಿ ಬಿಸಿಲು ಹೆಚ್ಚಾಯಿತಲ್ಲ, ನಿಮ್ಮ ಪುಸ್ತಕದಲ್ಲಿ ಇದಕ್ಕೆ ಏನಿದೆ ಎಂದು. ಎಚ್ಚರಿಕೆ ಇದೆ, ಅದು ಎಲ್ಲ ದೇಶಕ್ಕೂ ಇದೆ, ಯಾರಿಗೆ ಯಾವಾಗ ಎಂದು ನನಗೆ ತಿಳಿಯದು ಎನ್ನುತ್ತೇನೆ. ಕೇಳಿದವರಿಗೆ ಸಪ್ಪೆಯಾಗುತ್ತದೆ. ಭಾಯ್ ಮಾತ್ರ, "ನೋಡ್ರಿ, ನಮ್ ಟೈಲ್ರು ಈಗ ಯಾವ ದೇಶಾನೂ ಮುಳುಗಿಸಲ್ಲ, ಗಿರಾಕಿ ಕಮ್ಮಿ ಆಗೋದ್ರು," ಎಂದು ನಗುತ್ತಾರೆ.

ಆಮೇಲಿನ ಎರಡು ತಿಂಗಳೂ ತಂಗಿ ತಟ್ಟೆ ದಾಟಿಸಿದಳು. ನಾನು ಹಿಂದಿನ ಸಾಲಿಗೆ ಹೋಗಿ ಕೂರತೊಡಗಿದೆ, ಅಲ್ಲಿಂದ ಅವಳ ಕೈ ಕಾಣುವುದಿಲ್ಲ. ನಡುವೆ ಶನಿವಾರಗಳಂದು ಅವಳ ಹಳ್ಳಿಗೆ ಹೋಗಿ ಬಂದೆ. ನೀರು ಪೂರಾ ಇಳಿದ ಮೇಲೆ ಮನೆಯ ಕೆಸರು ತೆಗೆದೆವು, ಬಾಗಿಲು ಕಿಟಕಿ ಬಿಚ್ಚಿ ದಿಬ್ಬಕ್ಕೆ ಸಾಗಿಸಿದೆವು. ನಾನು ಎತ್ತಲಾರದ್ದನ್ನು ಅವಳು ಎತ್ತಿದಳು, ಅಷ್ಟೇ.

ಮರು ತಿಂಗಳು ನನಗೆ ಹರ್ನಿಯಾ ಆಪರೇಷನ್ ಆಯಿತು. ಮೊದಲ ಭಾನುವಾರ ನಾನು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಮಲಗಿದ್ದೆ. ಮಧ್ಯಾಹ್ನ ಆರಾಧನೆ ಮುಗಿಸಿಕೊಂಡು ಹೆಂಡತಿ ಬುತ್ತಿ ತಂದಳು. ಟಿಫಿನ್ ಕ್ಯಾರಿಯರ್ ಬಿಚ್ಚುತ್ತಾ, ಬೇರೆ ಏನೋ ಮಾತಿನ ನಡುವೆ ಹೇಳಿದಳು.

"ನಿನ್ ತಂಗಿ ಇವತ್ತು ರೊಟ್ಟಿ ಮುರುದ್ಲು."

ನಾನು ಏಳಲು ಹೋದೆ. ಹೊಟ್ಟೆ ಹಿಡಿದುಕೊಂಡಿತು.

"ಏನಾದ್ರೂ ಅಂದ್ಲಾ?"

"ಏನೂ ಅನ್ಲಿಲ್ಲ. ಊಟ ಮಾಡ್ತಾನಾ ಅಂತ ಕೇಳಿದ್ಲು."

"ನೀನೇನಂದೆ?"

"ಮಾಡ್ತಾನೆ ಅಂದೆ. ತಿನ್ನು ಮತ್ತೆ, ನನ್ ಮಾತು ಸುಳ್ಳಾಗ್ಬಾರ್ದು," ಎಂದು ತಟ್ಟೆಯನ್ನು ನನ್ನ ಮುಂದಕ್ಕೆ ಸರಿಸಿದಳು.